ಚುಕ್ಕೆಗಳಲ್ಲಿ ಕಂಡ ಮಿದುಳು: ನರಕೋಶಗಳ ಸ್ಪೈಕ್ ಚಿತ್ರಣ ನಡೆದುಬಂದ ದಾರಿ

ಮಹಾರಾಷ್ಟ್ರದ ಗಡಿ ಜಿಲ್ಲೆ ಸೊಲ್ಲಾಪುರದ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳು ನರಕೋಶವನ್ನು ಮೊದಲು ಕಾಣುವುದು ಬಾಲಭಾರತಿಯ ಪಠ್ಯಪುಸ್ತಕದಲ್ಲಿ. ಕವಲೊಡೆದ ಕೋಶಕಾಯ, ಉದ್ದನೆಯ ಆಕ್ಸಾನ್, ತುದಿಯಲ್ಲಿ ಮತ್ತೆ ಕವಲು. ಆ ಚಿತ್ರದಿಂದ ನರಕೋಶದ ಆಕಾರ ತಿಳಿಯುತ್ತದೆ, ಅದು ಮಾಡುವ ಕೆಲಸ ತಿಳಿಯುವುದಿಲ್ಲ. ಕೆಲಸ ಕಾಣಬೇಕಾದರೆ ಬೇರೊಂದು ಬಗೆಯ ಚಿತ್ರ ಬೇಕು. ಅದರಲ್ಲಿ ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಒಂದೊಂದು ಸಾಲು ಒಂದೊಂದು ನರಕೋಶಕ್ಕೆ ಮೀಸಲು. ನರಕೋಶ ವಿದ್ಯುತ್ತಿನ ಮಿಡಿತ ಹೊಮ್ಮಿಸಿದ ಕ್ಷಣಕ್ಕೆ ಅದರ ಸಾಲಿನಲ್ಲಿ ಒಂದು ಚುಕ್ಕೆ ಬೀಳುತ್ತದೆ. ಆ ಮಿಡಿತಕ್ಕೆ ಸ್ಪೈಕ್ ಎಂದು ಹೆಸರು, ಚುಕ್ಕೆಗಳ ಚಿತ್ರಕ್ಕೆ ರಾಸ್ಟರ್ ಎಂದು.

ಇಂಥ ಚಿತ್ರವನ್ನು ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಕಾಸು ಖರ್ಚಿಲ್ಲದೆ ಸಿಗುವ ಪ್ರೋಗ್ರಾಮಿಂಗ್ ಲೈಬ್ರರಿಗಳಿಂದ ಕೆಲವೇ ಸಾಲುಗಳಲ್ಲಿ ತೆಗೆಯಬಹುದು. ಈ ಸೌಕರ್ಯದ ಹಿಂದೆ ಸುಮಾರು 175 ವರ್ಷಗಳ ಇತಿಹಾಸವಿದೆ. ಆ ಇತಿಹಾಸ ಓದಿದರೆ ಒಂದು ಮಾತು ಮನದಟ್ಟಾಗುತ್ತದೆ: ಚಿತ್ರ ತೆಗೆಯುವ ಸಾಧನ ಬದಲಾದಾಗಲೆಲ್ಲ ವಿಜ್ಞಾನಿಗಳು ಮಿದುಳಿಗೆ ಕೇಳುವ ಪ್ರಶ್ನೆಯೂ ಬದಲಾಗಿದೆ. ಲೆಕ್ಕ ಮುಗಿದ ಮೇಲೆ ವರದಿಗೆ ಅಂಟಿಸುವ ಅಲಂಕಾರವೆಂದು ಚಿತ್ರವನ್ನು ನೋಡುವವರು ಈ ಕ್ಷೇತ್ರದ ಅರ್ಧ ಕಥೆಯನ್ನೇ ಕಳೆದುಕೊಳ್ಳುತ್ತಾರೆ.

ಮಸಿ ಹಿಡಿದ ಡ್ರಮ್ಮಿನಿಂದ ಫೋಟೊ ಫಿಲ್ಮಿಗೆ

1840ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಕೈಮೋಗ್ರಾಫ್ ಎಂಬ ಯಂತ್ರ ರೂಪಿಸಿದರು. ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ ತಿರುಗುತ್ತಿರುತ್ತದೆ. ಸ್ನಾಯು ಸಂಕುಚಿಸಿದಾಗ ಅದಕ್ಕೆ ಕಟ್ಟಿದ ಮುಳ್ಳು ಮೇಲೇರಿ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಕಣ್ಣಿಗೆ ನಿಲುಕದಷ್ಟು ಬೇಗ ಮುಗಿಯುವ ಘಟನೆ ಕಾಗದದ ಮೇಲೆ ಉಳಿದುಬಿಡುತ್ತದೆ. 1850ರಲ್ಲಿ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಸಾಗುವ ವೇಗವನ್ನು ಅಳೆದರು. ಅದು ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಬಂತು. ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ನರವನ್ನು ಪ್ರಚೋದಿಸಿದರೆ ಎರಡು ಗೆರೆಗಳು ಸಿಗುತ್ತವೆ. ಎರಡೂ ಏಳುವ ಜಾಗಗಳ ನಡುವಿನ ಅಂತರವೇ ಸಂಕೇತದ ಪ್ರಯಾಣದ ಸಮಯ. ನರದ ಕೆಲಸ ಕ್ಷಣಮಾತ್ರದಲ್ಲಿ ಆಗಿಹೋಗುತ್ತದೆ, ಅದನ್ನು ಅಳೆಯಲಾಗದು ಎಂಬ ಆ ಕಾಲದ ನಂಬಿಕೆ ಅಲ್ಲಿಗೆ ಮುರಿದುಬಿತ್ತು.

1963ರಲ್ಲಿ ಸೊಲ್ಲಾಪುರದಲ್ಲಿ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜು ಆರಂಭವಾದ ಕಾಲಕ್ಕೂ ಭಾರತದ ಶರೀರಕ್ರಿಯಾಶಾಸ್ತ್ರದ ಪ್ರಯೋಗಾಲಯಗಳಲ್ಲಿ ಈ ಮಸಿ ಡ್ರಮ್ಮೇ ಮುಖ್ಯ ಉಪಕರಣವಾಗಿತ್ತು. ಕಪ್ಪೆಯ ಸ್ನಾಯುವಿನ ಗೆರೆಯನ್ನು ಮಸಿಯ ಮೇಲೆ ಮೂಡಿಸಿ, ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದ ಡಾಕ್ಟರುಗಳ ತಲೆಮಾರುಗಳೇ ನಮ್ಮಲ್ಲಿವೆ.

ಆದರೆ ಮುಳ್ಳಿಗೆ ಒಂದು ಮಿತಿ ಇತ್ತು. ಒಂದೇ ನರತಂತುವಿನ ಮಿಡಿತ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅದರ ವಿದ್ಯುತ್ತೂ ಬಹಳ ಸಣ್ಣದು. 1926ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಸ್ವೀಡನ್ನಿನ ಯಂಗ್ವೆ ಸಾಟರ್‌ಮನ್ ವಾಲ್ವ್ ಆಂಪ್ಲಿಫೈಯರ್ ಬಳಸಿ ಒಂದೇ ತಂತುವಿನ ಮಿಡಿತಗಳನ್ನು ಫೋಟೊ ಫಿಲ್ಮಿನ ಮೇಲೆ ಹಿಡಿದರು. ಸ್ನಾಯುವಿಗೆ ತೂಗುಹಾಕಿದ ಭಾರ ಹೆಚ್ಚಿಸಿದಂತೆ ಸ್ಪೈಕುಗಳ ಎತ್ತರ ಬದಲಾಗಲಿಲ್ಲ, ಅವು ಬರುವ ವೇಗ ಮಾತ್ರ ಹೆಚ್ಚಿತು. ಇದು ದೊಡ್ಡ ಮಾತು. ನರದ ಭಾಷೆಯಲ್ಲಿ ಸ್ಪೈಕಿನ ಗಾತ್ರಕ್ಕೆ ಬೆಲೆ ಇಲ್ಲ, ಅದು ಯಾವಾಗ ಬಂತು, ಎಷ್ಟು ಸಲ ಬಂತು ಎಂಬುದೇ ಮುಖ್ಯ. 1932ರಲ್ಲಿ ಏಡ್ರಿಯನ್ ಅವರಿಗೆ ಚಾರ್ಲ್ಸ್ ಶೆರಿಂಗ್ಟನ್ ಜೊತೆ ನೊಬೆಲ್ ಬಂತು. ಗೆರೆಯ ಬದಲು ಚುಕ್ಕೆ ಸಾಕು ಎಂಬ ಮುಂದಿನ ಕಾಲದ ಧೈರ್ಯಕ್ಕೆ ಆಧಾರ ಸಿಕ್ಕಿದ್ದು ಇಲ್ಲಿಂದಲೇ.

ಕೈಯಲ್ಲಿ ತಿರುಗಿಸಿದ ಲೆಕ್ಕ

ಅಳೆಯುವುದು ಒಂದು ಕೆಲಸ, ಸಮೀಕರಣ ಬರೆದು ಅದೇ ಗೆರೆಯನ್ನು ಲೆಕ್ಕದಿಂದ ಹುಟ್ಟಿಸುವುದು ಇನ್ನೊಂದು. 1907ರಲ್ಲೇ ಫ್ರಾನ್ಸಿನ ಲೂಯಿ ಲಾಪಿಕ್ ನರಪೊರೆಯನ್ನು ಒಂದು ಕೆಪಾಸಿಟರ್ ಮತ್ತು ಒಂದು ರೆಸಿಸ್ಟರ್ ಎಂದು ಎಣಿಸಿ ಸರಳ ಸೂತ್ರ ಕೊಟ್ಟಿದ್ದರು. ಸ್ಪೈಕ್ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿದವರು ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ಆಕ್ಸಾನಿನೊಳಗೆ ತಂತಿ ತೂರಿಸಿ, ಸೋಡಿಯಂ ಒಳಗೆ ನುಗ್ಗುವುದನ್ನೂ ಪೊಟ್ಯಾಸಿಯಂ ಹೊರಗೆ ಹೋಗುವುದನ್ನೂ ಬೇರೆ ಬೇರೆಯಾಗಿ ಅಳೆದು, 1952ರಲ್ಲಿ ನಾಲ್ಕು ಚರಗಳ ಸಮೀಕರಣ ಪ್ರಕಟಿಸಿದರು.

ಸಮೀಕರಣ ಬಿಡಿಸಬೇಕಾದ ಹೊತ್ತಿಗೆ ಕೇಂಬ್ರಿಜ್‌ನ ಕಂಪ್ಯೂಟರ್ ತಿಂಗಳುಗಟ್ಟಲೆ ಸಿಗುವಂತಿರಲಿಲ್ಲ. ಹಕ್ಸ್‌ಲಿ ಬ್ರನ್ಸ್‌ವಿಗಾ ಎಂಬ ಕೈತಿರುಗಣೆಯ ಲೆಕ್ಕಯಂತ್ರ ಹಿಡಿದು ಕೂತರು. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಹಿಡಿಕೆ ತಿರುಗಿಸಿ, ಉತ್ತರ ಬರೆದುಕೊಂಡು, ಮುಂದಿನ ಹೆಜ್ಜೆಗೆ ಹೋಗುತ್ತ ವಾರಗಟ್ಟಲೆ ದುಡಿದ ಮೇಲೆ ಕೆಲವು ಮಿಲಿಸೆಕೆಂಡುಗಳ ಗೆರೆ ಸಿದ್ಧವಾಯಿತು. ಲೆಕ್ಕದ ಗೆರೆಯನ್ನೂ ಸ್ಕ್ವಿಡ್‌ನಿಂದ ದಾಖಲಾದ ಗೆರೆಯನ್ನೂ ಹತ್ತಿರ ಇಟ್ಟು ತೋರಿಸಿದಾಗ ಎರಡೂ ಹೊಂದಿದವು. ಆ ಚಿತ್ರವೇ ಸಿದ್ಧಾಂತಕ್ಕೆ ಪ್ರಮಾಣವಾಯಿತು. 1955ರಲ್ಲಿ ಕೆನೆತ್ ಕೋಲ್ ಮತ್ತು ಸಂಗಡಿಗರು ಅಮೆರಿಕದ ಸೀಯಾಕ್ ಕಂಪ್ಯೂಟರಿನಲ್ಲಿ ಅದೇ ಸಮೀಕರಣ ಓಡಿಸಿದರು. 1963ರಲ್ಲಿ ಹಾಜ್‌ಕಿನ್, ಹಕ್ಸ್‌ಲಿ ಇಬ್ಬರಿಗೂ ಜಾನ್ ಎಕಲ್ಸ್ ಜೊತೆ ನೊಬೆಲ್ ಸಂದಿತು. ಹಕ್ಸ್‌ಲಿ ವಾರಗಟ್ಟಲೆ ತಿರುಗಿಸಿದ ಲೆಕ್ಕವನ್ನು ಈಗಿನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಕಾಲವನ್ನು ಹೆಜ್ಜೆಗಳಾಗಿ ಒಡೆಯುವ ವಿಧಾನ ಮಾತ್ರ ಇಂದಿಗೂ ಅದೇ.

ಗೆರೆ ಹೋಗಿ ಚುಕ್ಕೆ ಬಂತು

ಒಂದು ನರಕೋಶಕ್ಕೆ ಗೆರೆ ಸಾಕು. ಒಂದೇ ಶಬ್ದವನ್ನು ನೂರು ಸಲ ಕೇಳಿಸಿ ಪ್ರತಿ ಸಲದ ಉತ್ತರವನ್ನೂ ಹೋಲಿಸಬೇಕಾದಾಗ ನೂರು ಗೆರೆಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದಂತಾಗುತ್ತದೆ. ಸ್ಪೈಕಿನ ಗಾತ್ರ ಬದಲಾಗುವುದಿಲ್ಲವೆಂದ ಮೇಲೆ ಗೆರೆಯನ್ನು ಬಿಟ್ಟು ಸ್ಪೈಕಿನ ಕಾಲವನ್ನು ಮಾತ್ರ ಉಳಿಸಿಕೊಂಡರೆ ನಷ್ಟವಿಲ್ಲ. 1960ರಲ್ಲಿ ಜಾರ್ಜ್ ಗರ್‌ಸ್ಟೈನ್ ಮತ್ತು ನೆಲ್ಸನ್ ಕಿಯಾಂಗ್ ಪ್ರಚೋದನೆಯ ಕ್ಷಣವನ್ನು ಸೊನ್ನೆ ಎಂದಿಟ್ಟು, ಅದರ ನಂತರದ ಕಾಲವನ್ನು ಸಣ್ಣ ಖಾನೆಗಳಾಗಿ ಕತ್ತರಿಸಿ, ಪ್ರತಿ ಖಾನೆಯಲ್ಲಿ ಬಿದ್ದ ಸ್ಪೈಕುಗಳನ್ನು ಎಣಿಸಿ ಕಂಬಗಳ ಚಿತ್ರ ತೆಗೆಯುವ ವಿಧಾನವನ್ನು ವಿವರಿಸಿದರು. ಮೇಲೆ ಚುಕ್ಕೆಗಳ ಸಾಲು, ಕೆಳಗೆ ಕಂಬಗಳು ಎಂಬ ಜೋಡಿ ಮುಂದೆ ನರವಿಜ್ಞಾನದ ಪ್ರಬಂಧಗಳಲ್ಲೆಲ್ಲ ನೆಲೆಯೂರಿತು. 1967ರಲ್ಲಿ ಪರ್ಕೆಲ್, ಗರ್‌ಸ್ಟೈನ್ ಮತ್ತು ಮೂರ್ ಎರಡು ನರಕೋಶಗಳ ಸ್ಪೈಕುಗಳ ನಡುವಿನ ಕಾಲಾಂತರವನ್ನು ಎಣಿಸಿ ಅವುಗಳ ಸಂಬಂಧ ಪತ್ತೆಹಚ್ಚುವ ದಾರಿ ತೋರಿಸಿದರು. ಒಂದು ನರಕೋಶ ಏನು ಹೇಳುತ್ತದೆ ಎಂಬ ಪ್ರಶ್ನೆಯ ಜಾಗಕ್ಕೆ ಯಾರ ಜೊತೆ ಸೇರಿ ಹೇಳುತ್ತದೆ ಎಂಬ ಪ್ರಶ್ನೆ ಬಂದು ನಿಂತಿತು.

ಸಿಮ್ಯುಲೇಟರುಗಳು, ಮತ್ತು ಬೆಂಗಳೂರಿನ ಪಾಲು

1980ರ ದಶಕದ ಕೊನೆಗೆ ನರಜಾಲಗಳನ್ನು ಕಂಪ್ಯೂಟರಿನೊಳಗೆ ಕಟ್ಟುವ ಸಾರ್ವತ್ರಿಕ ತಂತ್ರಾಂಶಗಳು ಬಂದವು. ಡ್ಯೂಕ್ ಮತ್ತು ಆಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹೈನ್ಸ್ ಬೆಳೆಸಿದ ನ್ಯೂರಾನ್, ಕ್ಯಾಲ್‌ಟೆಕ್‌ನಲ್ಲಿ ಜೇಮ್ಸ್ ಬೋವರ್ ಅವರ ಪ್ರಯೋಗಾಲಯದಿಂದ ಬಂದ ಜೆನೆಸಿಸ್ ಮೊದಲ ಸಾಲಿನವು. ಜೆನೆಸಿಸ್ ರೂಪಿಸಿದವರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಉಪಿಂದರ್ ಭಲ್ಲಾ ಇದ್ದರು. ನಂಟು ಇರುವ ಎರಡು ಕಥೆಗಳು ಇಲ್ಲಿಂದ ಕವಲೊಡೆಯುತ್ತವೆ.

ವಿಲ್ಸನ್ ಜೀವಂತ ಇಲಿಗಳ ಮಿದುಳಿನ ಕಡೆಗೆ ಹೊರಳಿದರು. ಇಲಿ ಓಡುವ ದಾರಿಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ನರಕೋಶ ಸ್ಪೈಕ್ ಕೊಡುತ್ತದೆ. 2002ರಲ್ಲಿ ಆಲ್ಬರ್ಟ್ ಲೀ ಜೊತೆ ಪ್ರಕಟಿಸಿದ ಕೆಲಸದಲ್ಲಿ ವಿಲ್ಸನ್ ಅವರು, ಇಲಿ ನಿದ್ದೆ ಹೋದಾಗಲೂ ಆ ನರಕೋಶಗಳು ಓಟದ ಅನುಕ್ರಮದಲ್ಲೇ, ಆದರೆ ಬಹಳ ವೇಗವಾಗಿ, ಸ್ಪೈಕ್ ಕೊಡುತ್ತವೆ ಎಂದು ತೋರಿಸಿದರು. ನರಕೋಶಗಳನ್ನು ದಾರಿಯ ಕ್ರಮಕ್ಕೆ ಜೋಡಿಸಿ ನೋಡಿದ್ದರಿಂದಲೇ ಆ ಅನುಕ್ರಮ ಕಣ್ಣಿಗೆ ಬಿತ್ತು.

ಭಲ್ಲಾ ಬೆಂಗಳೂರಿಗೆ ಬಂದು, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ಮೂಸ್ ಎಂಬ ಸಿಮ್ಯುಲೇಟರ್ ಕಟ್ಟಿದರು. ಸ್ಪೈಕ್ ಮಿಲಿಸೆಕೆಂಡಿನ ಮಾತು. ನೆನಪು ನೆಲೆಯಾಗಲು ನರಸಂಧಿಯೊಳಗೆ ನಡೆಯಬೇಕಾದ ರಾಸಾಯನಿಕ ಬದಲಾವಣೆ ನಿಮಿಷ, ಗಂಟೆಗಳ ಮಾತು. ಎರಡನ್ನೂ ಒಂದೇ ಮಾದರಿಯಲ್ಲಿ ಓಡಿಸುವುದು ಮೂಸ್‌ನ ಹೆಗ್ಗಳಿಕೆ. ಚಿತ್ರ ತೆಗೆಯುವವರಿಗೆ ಇದು ಹೊಸ ಸವಾಲು ತಂದಿತು: ಒಂದೇ ಕಾಲಾಕ್ಷದ ಮೇಲೆ ಸ್ಪೈಕುಗಳನ್ನೂ ಕ್ಯಾಲ್ಸಿಯಂ ಏರಿಳಿತವನ್ನೂ ಇಟ್ಟರೆ ಒಂದು ಕಾಣುವಾಗ ಇನ್ನೊಂದು ಮರೆಯಾಗುತ್ತದೆ. ಅದಕ್ಕೆ ಬೇರೆ ಬೇರೆ ಅಳತೆಯ ಪಟಗಳನ್ನು ಒಂದರ ಕೆಳಗೊಂದು ಜೋಡಿಸಬೇಕಾಯಿತು. 2008ರಲ್ಲಿ ಸುಭಾಶಿಸ್ ರೇ ಮತ್ತು ಭಲ್ಲಾ ಮೂಸ್‌ಗೆ ಪೈಥಾನ್ ಭಾಷೆಯ ಕೊಂಡಿ ಹಾಕಿದರು. ಮೂಸ್‌ನ ಆವೃತ್ತಿಗಳಿಗೆ ಜಿಲೇಬಿ, ಜಾಂಗೀರು ಎಂದು ನಮ್ಮ ಸಿಹಿತಿಂಡಿಗಳ ಹೆಸರಿಟ್ಟಿರುವುದು ಅದು ಹುಟ್ಟಿದ ನೆಲದ ಗುರುತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಋಷಿಕೇಶ್ ನಾರಾಯಣನ್ ಅವರ ಗುಂಪು ಇನ್ನೊಂದು ದಾರಿ ಹಿಡಿದಿದೆ. ಬೇರೆ ಬೇರೆ ಅಯಾನು ಕಾಲುವೆಗಳ ಬೇರೆ ಬೇರೆ ಪ್ರಮಾಣಗಳಿಂದಲೂ ನರಕೋಶ ಒಂದೇ ಬಗೆಯ ನಡತೆ ತೋರಬಲ್ಲದು ಎಂಬುದು ಅವರ ಕೆಲಸದ ತಿರುಳು. 2004ರಲ್ಲಿ ಪ್ರಿಂಜ್, ಬುಚರ್ ಮತ್ತು ಈವ್ ಮಾರ್ಡರ್ ಮೂರು ನರಕೋಶಗಳ ಸಣ್ಣ ಜಾಲದ 2 ಕೋಟಿಗೂ ಹೆಚ್ಚು ರೂಪಗಳನ್ನು ಓಡಿಸಿ ಇದೇ ಬಗೆಯ ಫಲಿತಾಂಶ ಕಂಡಿದ್ದರು. ಹೀಗಾದಾಗ ಒಂದು ಅಚ್ಚುಕಟ್ಟಾದ ಗೆರೆ ತೋರಿಸಿ ಇದೇ ನರಕೋಶ ಎನ್ನಲು ಬರುವುದಿಲ್ಲ. ಮಾದರಿಗಳ ಗುಂಪನ್ನೇ ಚಿತ್ರದಲ್ಲಿ ಹರಡಬೇಕಾಗುತ್ತದೆ. ಸೊಲ್ಲಾಪುರಕ್ಕೆ ಇನ್ನೂ ಹತ್ತಿರ, ಪುಣೆಯ ಐಸರ್‌ನಲ್ಲಿ, ಕಾಲಿನ್ಸ್ ಅಸಿಸಿ ನರಜಾಲಗಳ ಬಗ್ಗೆಯೂ ಸುಹಿತಾ ನಾಡಕರ್ಣಿ ನರಸಂಧಿಗಳ ಬಗ್ಗೆಯೂ ಇಂಥದೇ ಗಣಕ ಮಾದರಿಗಳ ಕೆಲಸ ನಡೆಸುತ್ತಿದ್ದಾರೆ.

ಮಿದುಳಿನ ಪ್ರಯೋಗಾಲಯದಲ್ಲೇ ಹುಟ್ಟಿದ ಲೈಬ್ರರಿ

ಇಂದು ಹವಾಮಾನದಿಂದ ಷೇರುಪೇಟೆಯವರೆಗೆ ಎಲ್ಲರೂ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಚಿತ್ರಣ ಲೈಬ್ರರಿ ಹುಟ್ಟಿದ್ದು ಮಿದುಳಿನ ಅಗತ್ಯಕ್ಕಾಗಿಯೇ. ಜಾನ್ ಹಂಟರ್ ಷಿಕಾಗೊದ ನರಜೀವವಿಜ್ಞಾನಿ. ಅಪಸ್ಮಾರ ರೋಗಿಗಳ ಮಿದುಳಿನ ಮೇಲ್ಮೈಯಿಂದ ದಾಖಲಿಸಿದ ವಿದ್ಯುತ್ ಸಂಕೇತಗಳನ್ನು ವಿಶ್ಲೇಷಿಸುವುದು ಅವರ ತಂಡದ ಕೆಲಸ. ಅದಕ್ಕಿದ್ದದ್ದು ಒಂದೇ ಪರವಾನಗಿಯ ಖರೀದಿ ತಂತ್ರಾಂಶ. ಅದರ ಕೀಲಿಯಾಗಿದ್ದ ಸಣ್ಣ ಡಾಂಗಲ್ಲನ್ನು ವಿದ್ಯಾರ್ಥಿಗಳೂ ಸಂಶೋಧಕರೂ ಸರದಿ ಹಚ್ಚಿ ಬಳಸಬೇಕಿತ್ತು. ಹಂಟರ್ ಮೊದಲು ಮ್ಯಾಟ್‌ಲ್ಯಾಬ್‌ನಲ್ಲಿ ಬದಲಿ ತಂತ್ರಾಂಶ ಬರೆದರು. ಅದು ಸಾಲದಾದಾಗ ಪೈಥಾನ್‌ಗೆ ಬಂದು, ಅಲ್ಲಿ ತಕ್ಕ ಚಿತ್ರಣ ಸಾಧನ ಇಲ್ಲದ್ದರಿಂದ ತಾವೇ ಒಂದನ್ನು ಕಟ್ಟಿ 2003ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. 2012ರ ಆಗಸ್ಟ್‌ನಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಅವರ ಲೈಬ್ರರಿಯನ್ನು ಸ್ವಯಂಸೇವಕರ ಪಡೆ ಬೆಳೆಸುತ್ತಲೇ ಇದೆ. ಸ್ಪೈಕುಗಳಂಥ ಬಿಡಿ ಘಟನೆಗಳನ್ನು ಸಾಲು ಸಾಲಾಗಿ ಗೀರು ಹಾಕಿ ತೋರಿಸುವ ಇವೆಂಟ್‌ಪ್ಲಾಟ್ ಎಂಬ ಆದೇಶವೂ ಅದರಲ್ಲಿ ಸೇರಿತು.

ಒಂದು ಡಾಂಗಲ್ಲಿಗಾಗಿ ಷಿಕಾಗೊದಂಥ ಊರಿನಲ್ಲೇ ಸರದಿ ನಿಲ್ಲಬೇಕಿತ್ತು ಎಂದರೆ, ಪರವಾನಗಿ ಕೊಳ್ಳಲಾರದ ಊರುಗಳ ವಿದ್ಯಾರ್ಥಿಗಳಿಗೆ ಈ ವಿದ್ಯೆ ಎಷ್ಟು ದೂರ ಇದ್ದಿತು! 2003ರಲ್ಲೇ ಯೂಜೀನ್ ಇಜಿಕೆವಿಚ್ ಎರಡೇ ಸಮೀಕರಣಗಳ ಸರಳ ಮಾದರಿ ಪ್ರಕಟಿಸಿ, 800 ಪ್ರಚೋದಕ ಮತ್ತು 200 ನಿರೋಧಕ ನರಕೋಶಗಳ ಜಾಲದ ಇಡೀ ಪ್ರೋಗ್ರಾಮನ್ನು ಪ್ರಬಂಧದಲ್ಲೇ ಅಚ್ಚು ಹಾಕಿದರು. ಸಾವಿರ ಸಾಲುಗಳ ಆ ರಾಸ್ಟರಿನಲ್ಲಿ ಅಲ್ಲಲ್ಲಿ ಲಂಬವಾದ ಕಪ್ಪು ಪಟ್ಟಿಗಳು ಮೂಡಿ, ಸೆಕೆಂಡಿಗೆ 10 ಮತ್ತು 40 ಆವರ್ತನದ ಲಯಗಳು ಜಾಲದೊಳಗಿಂದಲೇ ಹುಟ್ಟುತ್ತವೆಂದು ತೋರಿದವು. ಆದರೆ ಆ ಪ್ರೋಗ್ರಾಂ ಇದ್ದದ್ದು ಮ್ಯಾಟ್‌ಲ್ಯಾಬ್‌ನಲ್ಲಿ, ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದಲ್ಲಿ. ಪೈಥಾನ್ ಮತ್ತು ಮ್ಯಾಟ್‌ಪ್ಲಾಟ್‌ಲಿಬ್ ಆ ಬೇಲಿಯನ್ನು ಕಿತ್ತುಹಾಕಿದವು. 2008ರ ಸುಮಾರಿಗೆ ನ್ಯೂರಾನ್, ಮೂಸ್, ನೆಸ್ಟ್ ಎಂಬ ಮತ್ತೊಂದು ಸಿಮ್ಯುಲೇಟರ್ ಎಲ್ಲವೂ ಪೈಥಾನ್ ಕಡೆ ಬಾಗಿಲು ತೆರೆದವು. ಅದೇ ವರ್ಷ ಪ್ಯಾರಿಸ್‌ನಲ್ಲಿ ಡಾನ್ ಗುಡ್‌ಮನ್ ಮತ್ತು ರೊಮ್ಯಾಂ ಬ್ರೆಟ್ ಆದಿಯಿಂದಲೇ ಪೈಥಾನ್‌ನಲ್ಲಿ ಬರೆದ ಬ್ರಯಾನ್ ಎಂಬ ಸಿಮ್ಯುಲೇಟರ್ ಹೊರತಂದರು. ಸಮೀಕರಣವನ್ನು ಕಾಗದದ ಮೇಲೆ ಬರೆಯುವ ಹಾಗೆಯೇ ಬರೆಯಬಹುದು ಎಂಬುದು ಅದರ ಗುಣ. ಮುಂದೆ ಮಾರ್ಸೆಲ್ ಸ್ಟಿಂಬರ್ಗ್ ಜೊತೆ ಸೇರಿ ಅದನ್ನು ಬ್ರಯಾನ್ 2 ಆಗಿ ಹೊಸದಾಗಿ ಬರೆದರು.

ನಾಲ್ಕು ಸಾವಿರ ನರಕೋಶಗಳ ಒಂದು ಸೆಕೆಂಡು

ಬ್ರಯಾನ್ ಕಲಿಯುವವರೆಲ್ಲ ಮೊದಮೊದಲು ಓಡಿಸುವ ಒಂದು ಪ್ರಸಿದ್ಧ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅದರಲ್ಲಿ 4000 ನರಕೋಶಗಳು. 3200 ಪ್ರಚೋದಕ, 800 ನಿರೋಧಕ. ಯಾವುದೇ ಎರಡರ ನಡುವೆ ಜೋಡಣೆ ಇರುವ ಸಂಭವ ಶೇ 2. ಅಂದರೆ ಒಟ್ಟು ಸುಮಾರು 3,20,000 ಜೋಡಣೆಗಳು, ಪ್ರತಿ ನರಕೋಶಕ್ಕೂ ಸರಾಸರಿ 64 ಪ್ರಚೋದಕ ಮತ್ತು 16 ನಿರೋಧಕ ತಂತುಗಳು ಬಂದು ಸೇರುತ್ತವೆ. ಪೊರೆಯ ವೋಲ್ಟೇಜ್ ಮೈನಸ್ 50 ಮಿಲಿವೋಲ್ಟ್ ದಾಟಿದರೆ ಸ್ಪೈಕ್. ಕೂಡಲೇ ಅದು ಮೈನಸ್ 60ಕ್ಕೆ ಇಳಿದು 5 ಮಿಲಿಸೆಕೆಂಡು ಸುಮ್ಮನಿರುತ್ತದೆ. ಹೊರಗಿನ ಒತ್ತಡ ಏನೂ ಇಲ್ಲದಿದ್ದರೂ ವೋಲ್ಟೇಜ್ ಮೈನಸ್ 49ರ ಕಡೆಗೆ, 20 ಮಿಲಿಸೆಕೆಂಡಿನ ಕಾಲಾಂಕದಲ್ಲಿ, ತಾನಾಗಿಯೇ ಏರುತ್ತಿರುತ್ತದೆ.

ಮೊದಲು ಜೋಡಣೆಗಳನ್ನೆಲ್ಲ ತೆಗೆದು ಓಡಿಸಬೇಕು. ಮೈನಸ್ 60ರಿಂದ ಮೈನಸ್ 50ಕ್ಕೆ ಏರಲು ಎಷ್ಟು ಕಾಲ? ಮೈನಸ್ 49ಕ್ಕಿರುವ ದೂರ 11ರಿಂದ 1ಕ್ಕೆ ಇಳಿಯಬೇಕು. 11ರ ಸ್ವಾಭಾವಿಕ ಲಾಗರಿದಂ ಸುಮಾರು 2.4, ಅದನ್ನು 20ರಿಂದ ಗುಣಿಸಿದರೆ 48 ಮಿಲಿಸೆಕೆಂಡು. ಸುಮ್ಮನಿರುವ 5 ಸೇರಿದರೆ 53. ಹಾಗಾದರೆ ರಾಸ್ಟರಿನ ಪ್ರತಿ ಸಾಲಿನಲ್ಲೂ 53 ಮಿಲಿಸೆಕೆಂಡಿಗೊಂದು ಚುಕ್ಕೆ ಬೀಳಬೇಕು, ಸೆಕೆಂಡಿಗೆ ಸುಮಾರು 19. ಕೈಲೆಕ್ಕಕ್ಕೂ ಚಿತ್ರಕ್ಕೂ ತಾಳೆಯಾದರೆ ಪ್ರೋಗ್ರಾಂ ಸರಿ ಇದೆ ಎಂಬ ಧೈರ್ಯ ಬರುತ್ತದೆ. ಹಕ್ಸ್‌ಲಿ ಲೆಕ್ಕದ ಗೆರೆಯನ್ನು ಸ್ಕ್ವಿಡ್‌ನ ಗೆರೆಯ ಪಕ್ಕ ಇಟ್ಟದ್ದೂ ಇಂಥ ತಾಳೆಗೇ.

ಈಗ ಜೋಡಣೆ ಕೊಡಬೇಕು. ಆ ಸಮಾನ ಅಂತರ ಒಡೆದುಹೋಗುತ್ತದೆ, ಚುಕ್ಕೆಗಳು ಚೆದುರುತ್ತವೆ. ನೆರೆಯ ಪ್ರಚೋದಕಗಳು ಎತ್ತುತ್ತವೆ, ನಿರೋಧಕಗಳು ಒತ್ತುತ್ತವೆ. ಯಾವ ನರಕೋಶದ ಮುಂದಿನ ಸ್ಪೈಕ್ ಯಾವಾಗ ಎಂದು ಅದರ ಸಾಲನ್ನಷ್ಟೇ ನೋಡಿ ಹೇಳುವುದು ಕಷ್ಟವಾಗುತ್ತದೆ. ಜೀವಂತ ಮಿದುಳಿನ ತೊಗಟೆಯಲ್ಲಿ ಕಾಣುವ ಅನಿಯಮಿತತೆಗೂ ಇದಕ್ಕೂ ಹೋಲಿಕೆ ಇದೆ. ಜಾಲದೊಳಗೆ ಎಲ್ಲ ನಿಯಮಗಳೂ ಖಚಿತ, ಹೊರಗೆ ಕಾಣುವ ನಡತೆ ಮಾತ್ರ ಅಂಕೆಗೆ ಸಿಗದ್ದು. ಈ ವಿಸ್ಮಯವನ್ನು ಪಾಠದಲ್ಲಿ ಓದುವುದಕ್ಕೂ ಸ್ವತಃ ತೆಗೆದ ಚಿತ್ರದಲ್ಲಿ ಕಾಣುವುದಕ್ಕೂ ಬಹಳ ಅಂತರವಿದೆ.

ಚಿತ್ರ ದಾರಿ ತಪ್ಪಿಸುವ ಬಗೆ

ಸಾಧನ ಸುಲಭವಾದಷ್ಟೂ ತಪ್ಪು ಚಿತ್ರ ತೆಗೆಯುವುದೂ ಸುಲಭ. ಮೊದಲನೆಯ ಅಪಾಯ ಖಾನೆಯ ಅಗಲದ್ದು. 4000 ನರಕೋಶಗಳು ಸೆಕೆಂಡಿಗೆ ಸರಾಸರಿ 10 ಸ್ಪೈಕ್ ಕೊಟ್ಟರೆ ಒಟ್ಟು 40,000. ಒಂದು ಮಿಲಿಸೆಕೆಂಡಿನ ಖಾನೆಗೆ ಸರಾಸರಿ 40. ಬರೀ ಆಕಸ್ಮಿಕದಿಂದಲೇ ಅದು 6ರಷ್ಟು ಅತ್ತಿತ್ತ ಆಗುತ್ತದೆ. ಅದೇ ಜಾಲದಿಂದ 100 ನರಕೋಶಗಳನ್ನು ಮಾತ್ರ ಆರಿಸಿಕೊಂಡರೆ ಖಾನೆಗೆ ಸರಾಸರಿ ಒಂದೇ ಸ್ಪೈಕ್; ಕಂಬಗಳು ಸೊನ್ನೆಗೂ ಮೂರಕ್ಕೂ ನಡುವೆ ಕುಣಿಯುತ್ತವೆ. ಇಲ್ಲದ ಲಯವನ್ನು ಅಲ್ಲಿ ಕಾಣುವವರು ಬೇಕಾದಷ್ಟು. ಖಾನೆಯನ್ನು ತೀರ ಅಗಲ ಮಾಡಿದರೆ ಇದ್ದ ಲಯವೂ ಅಳಿಸಿಹೋಗುತ್ತದೆ.

ಎರಡನೆಯದು ಪರದೆಯ ಮಿತಿ. 800 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 4000 ಸಾಲುಗಳನ್ನು ತುಂಬಿದರೆ ಒಂದು ಪಿಕ್ಸೆಲ್ಲಿನಲ್ಲಿ ಐದು ನರಕೋಶಗಳು. ಚುಕ್ಕೆ ದಪ್ಪವಾದರೆ ಇಡೀ ಚಿತ್ರ ಕಪ್ಪಾಗಿ, ಜಾಲ ಸದಾ ಗದ್ದಲದಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ.

ಮೂರನೆಯದು, ಎಲ್ಲಕ್ಕಿಂತ ಆಳವಾದದ್ದು, ಸಾಲುಗಳ ಕ್ರಮ. ಇದು ಸೊಲ್ಲಾಪುರದವರಿಗೆ ಬೇಗ ಹಿಡಿಸುವ ಮಾತು. ಜಕಾರ್ಡ್ ಮಗ್ಗದಲ್ಲಿ ಚಾದರ ನೇಯುವಾಗ ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆಗಳು ಏಳಬೇಕು ಎಂಬುದನ್ನು ಕಾರ್ಡಿನ ತೂತುಗಳು ತೀರ್ಮಾನಿಸುತ್ತವೆ. ಹೊಕ್ಕುಗಳನ್ನು ಕಾಲವೆಂದೂ ಹಾಸಿನ ಎಳೆಗಳನ್ನು ನರಕೋಶಗಳೆಂದೂ ಎಣಿಸಿದರೆ ಅದು ರಾಸ್ಟರೇ. ಹಾಸಿನ ಎಳೆಗಳನ್ನು ಅದಲುಬದಲು ಮಾಡಿದರೆ ಪ್ರತಿ ಎಳೆಯೂ ಏಳಬೇಕಾದಾಗಲೇ ಏಳುತ್ತದೆ, ಬಟ್ಟೆಯ ಮೇಲಿನ ನವಿಲು ಮಾತ್ರ ಮಾಯ. ಹಾಗೆಯೇ ನರಕೋಶಗಳನ್ನು ಬರೀ ಕ್ರಮಸಂಖ್ಯೆಯಂತೆ ಜೋಡಿಸಿದರೆ ಅವುಗಳ ನಡುವಿನ ವಿನ್ಯಾಸ ಕಣ್ಣಿಗೆ ಬೀಳದೇ ಹೋಗಬಹುದು. ಇಸ್ರೇಲಿನ ಮೋಶೆ ಅಬೆಲೆಸ್ ಮುಂದಿಟ್ಟ ಸಿನ್‌ಫೈರ್ ಸರಣಿಯ ಕಲ್ಪನೆಯಲ್ಲಿ ಒಂದು ಗುಂಪಿನ ನರಕೋಶಗಳು ಒಟ್ಟಿಗೆ ಸ್ಪೈಕ್ ಕೊಟ್ಟು ಮುಂದಿನ ಗುಂಪನ್ನು ಎಬ್ಬಿಸುತ್ತವೆ. ಗುಂಪಿನ ಪ್ರಕಾರ ಸಾಲು ಜೋಡಿಸಿದರೆ ಚಿತ್ರದಲ್ಲಿ ಓರೆಯಾದ ಗೆರೆ. ಜೋಡಿಸದಿದ್ದರೆ ಬರೀ ಚೆಲ್ಲಾಪಿಲ್ಲಿ. ಇದರ ಇನ್ನೊಂದು ಮುಖವೂ ಇದೆ: ಯಾದೃಚ್ಛಿಕ ಚುಕ್ಕೆಗಳನ್ನೂ ಮೊದಲ ಸ್ಪೈಕಿನ ಕಾಲಕ್ಕೆ ತಕ್ಕಂತೆ ವಿಂಗಡಿಸಿದರೆ ಓರೆಗೆರೆ ಬಂದೇ ಬರುತ್ತದೆ. ಆದ್ದರಿಂದ ಯಾವ ಆಧಾರದ ಮೇಲೆ ವಿಂಗಡಿಸಿದೆವು ಎಂಬುದನ್ನು ಚಿತ್ರದ ಜೊತೆಗೇ ಹೇಳಬೇಕು. ಒಂದು ದತ್ತಾಂಶದಿಂದ ಕಂಡುಕೊಂಡ ಕ್ರಮವನ್ನು ಬೇರೊಂದು ದತ್ತಾಂಶದ ಮೇಲೆ ಪರೀಕ್ಷಿಸಬೇಕು.

ಎಲ್ಲವನ್ನೂ ತೋರಿಸಲಾಗದ ಕಾಲ

2013ರಲ್ಲಿ ಜಪಾನಿನ ಕೆ ಕಂಪ್ಯೂಟರಿನಲ್ಲಿ ನೆಸ್ಟ್ ತಂತ್ರಾಂಶದಿಂದ 173 ಕೋಟಿ ನರಕೋಶಗಳ ಜಾಲವನ್ನು ಓಡಿಸಲಾಯಿತು. ಅದರ ಒಂದು ಸೆಕೆಂಡಿನ ಚಟುವಟಿಕೆ ಲೆಕ್ಕಹಾಕಲು 40 ನಿಮಿಷ ಹಿಡಿಯಿತು. ಒಂದೊಂದು ನರಕೋಶಕ್ಕೆ ಒಂದೊಂದು ಮಿಲಿಮೀಟರ್ ಸಾಲು ಕೊಟ್ಟರೂ ಅದರ ರಾಸ್ಟರ್ 1730 ಕಿಲೋಮೀಟರ್ ಉದ್ದವಾಗುತ್ತದೆ. ಜೀವಂತ ಮಿದುಳಿನ ದಾಖಲಾತಿಯೂ ಹಿಂದೆ ಬಿದ್ದಿಲ್ಲ. 2017ರಲ್ಲಿ ಪ್ರಕಟವಾದ ನ್ಯೂರೋಪಿಕ್ಸೆಲ್ಸ್ ಸೂಜಿಯ ಒಂದೇ ಕಡ್ಡಿಯಲ್ಲಿ 960 ದಾಖಲೆ ಬಿಂದುಗಳಿವೆ, ಅವುಗಳಲ್ಲಿ 384ರಿಂದ ಏಕಕಾಲಕ್ಕೆ ಸಂಕೇತ ಪಡೆಯಬಹುದು.

ಹೀಗಾಗಿ ಕ್ಷೇತ್ರದ ಒಲವು ಎಲ್ಲ ಚುಕ್ಕೆಗಳನ್ನೂ ತೋರಿಸುವುದರಿಂದ, ಸರಿಯಾದ ಸಾರಾಂಶ ತೋರಿಸುವ ಕಡೆಗೆ ಸರಿದಿದೆ. ಸ್ಪೈಕುಗಳ ನಡುವಿನ ಅಂತರಗಳ ಹಂಚಿಕೆ, ಅವುಗಳ ಅನಿಯಮಿತತೆಯ ಅಳತೆ, ನರಕೋಶ ಜೋಡಿಗಳ ಸಹಸಂಬಂಧ, ಇಡೀ ಜಾಲದ ಸ್ಥಿತಿಯನ್ನು ಎರಡು ಮೂರು ಅಕ್ಷಗಳಿಗೆ ಇಳಿಸಿದ ಪಥಗಳು, ಇವೆಲ್ಲ ರಾಸ್ಟರಿನ ಪಕ್ಕಕ್ಕೆ ಬಂದಿವೆ. ನಿಯೊ ಎಂಬ ಲೈಬ್ರರಿ ಬೇರೆ ಬೇರೆ ಸಿಮ್ಯುಲೇಟರುಗಳ ಮತ್ತು ಪ್ರಯೋಗಗಳ ದತ್ತಾಂಶವನ್ನು ಒಂದೇ ರೂಪಕ್ಕೆ ತರುತ್ತದೆ, ಎಲಿಫೆಂಟ್ ಅದನ್ನು ವಿಶ್ಲೇಷಿಸುತ್ತದೆ, ವಿಜಿಫೆಂಟ್ ಚಿತ್ರ ತೆಗೆಯುತ್ತದೆ. ಜಾಲದ ಲೆಕ್ಕಕ್ಕೂ ಜೀವಂತ ಮಿದುಳಿನ ದಾಖಲೆಗೂ ಒಂದೇ ಪಟ ತೆಗೆದು ಹೋಲಿಸಲು ಸಾಧ್ಯವಾದದ್ದು ಈ ಹಂತದ ದೊಡ್ಡ ಲಾಭ. ಸ್ಪೈಕ್ ಈಗ ಚಿಪ್ಪುಗಳೊಳಗೂ ಬಂದಿದೆ. ಮ್ಯಾಂಚೆಸ್ಟರಿನಲ್ಲಿ ಸ್ಟೀವ್ ಫರ್ಬರ್ ನೇತೃತ್ವದ ಸ್ಪಿನ್ನೇಕರ್ ಯಂತ್ರ 2018ರಲ್ಲಿ ಹತ್ತು ಲಕ್ಷ ಪ್ರೊಸೆಸರ್ ಕೋರುಗಳನ್ನು ಮುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚೇತನ್ ಸಿಂಗ್ ಠಾಕೂರ್ ಅವರ ಪ್ರಯೋಗಾಲಯ ಇಂಥ ಚಿಪ್ಪುಗಳ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿಯೂ ಎಂಜಿನಿಯರುಗಳು ದೋಷ ಹುಡುಕಲು ನೋಡುವುದು ಇದೇ ಚುಕ್ಕೆಗಳ ಚಿತ್ರವನ್ನು.

ಅಕ್ಷದ ಮೇಲೆ ಕನ್ನಡ

ಚಿತ್ರದ ಅಕ್ಷಕ್ಕೆ ಕನ್ನಡದಲ್ಲಿ ಹೆಸರು ಬರೆಯಹೊರಟವರಿಗೆ ಒಂದು ಅಡ್ಡಿ ಎದುರಾಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೇ ಬರುವ ಡೆಜಾವು ಸ್ಯಾನ್ಸ್ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ನಿಲ್ಲುತ್ತವೆ. ನೋಟೊ ಸ್ಯಾನ್ಸ್ ಕನ್ನಡದಂಥ ಶೈಲಿ ಹಾಕಿದರೆ ಅಕ್ಷರ ಬರುತ್ತದೆ, ಆದರೆ ಲೈಬ್ರರಿಯ ರೂಢಿಯ ವ್ಯವಸ್ಥೆ ಬಹುಕಾಲ ಒತ್ತಕ್ಷರಗಳನ್ನು ಕೂಡಿಸಬಲ್ಲದಾಗಿರಲಿಲ್ಲ. ‘ಸಂಖ್ಯೆ’ ಎಂದು ಬರೆದರೆ ಯ-ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ಬಿಡಿಯಾಗಿ ನಿಲ್ಲುತ್ತಿತ್ತು. ಎರಡು ದಾರಿಗಳಿವೆ. ಒಂದು, ಎಂಪಿಎಲ್‌ಕೈರೊ ಎಂಬ ಪೂರಕ ಲೈಬ್ರರಿ. ಇನ್ನೊಂದು, ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ, ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸದೆ ಅಕ್ಷರಗಳಾಗಿಯೇ ಉಳಿಸಿ, ಬ್ರೌಸರಿನಲ್ಲಿ ತೆರೆಯುವುದು. ಬ್ರೌಸರ್ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಇದು ಸಣ್ಣ ತಾಂತ್ರಿಕ ಸಂಗತಿ ಎನಿಸಬಹುದು. ಆದರೆ ತಾನು ಕಂಡದ್ದನ್ನು ತನ್ನ ಊರಿನ ಶಾಲೆಯಲ್ಲಿ ತೋರಿಸಬೇಕೆನ್ನುವ ವಿದ್ಯಾರ್ಥಿಗೆ ಇದು ಮೊದಲ ಮೆಟ್ಟಿಲು.

ಗಡಿಯಲ್ಲಿ ಆಗಬೇಕಾದ ಕೆಲಸ

ಸೊಲ್ಲಾಪುರದಲ್ಲಿ ಇದಕ್ಕೆ ಬೇಕಾದ ಅಂಗಗಳೆಲ್ಲ ಇವೆ. ಶರೀರಕ್ರಿಯಾಶಾಸ್ತ್ರ ಕಲಿಸುವ ವೈದ್ಯಕೀಯ ಕಾಲೇಜು ಇದೆ, 1983ರಿಂದ ವಾಲ್‌ಚಂದ್ ತಂತ್ರಜ್ಞಾನ ಸಂಸ್ಥೆ ಇದೆ, 2004ರಲ್ಲಿ ಹುಟ್ಟಿ ಈಗ ಪುಣ್ಯಶ್ಲೋಕ ಅಹಲ್ಯಾದೇವಿ ಹೋಳ್ಕರ್ ಅವರ ಹೆಸರು ಹೊತ್ತ ವಿಶ್ವವಿದ್ಯಾಲಯ ಇದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಿಂದ ಬಂದು ಈ ಊರಿನ ಕಾಲೇಜುಗಳಲ್ಲಿ ಮರಾಠಿ, ಇಂಗ್ಲಿಷ್ ಎರಡನ್ನೂ ಪಳಗಿಸಿಕೊಳ್ಳುವ ಹುಡುಗ ಹುಡುಗಿಯರಿಗೆ ಮೂರನೆಯದಾಗಿ ಪೈಥಾನ್ ಕಲಿಯುವುದು ದೊಡ್ಡ ಮಾತಲ್ಲ. ಕಪ್ಪೆ ಬೇಡ, ಮಸಿ ಬೇಡ, ಡಾಂಗಲ್ಲಿನ ಸರದಿ ಬೇಡ. ಕಂಪ್ಯೂಟರ್ ದುರ್ಬಲವಾಗಿದ್ದರೆ ಬ್ರೌಸರಿನಲ್ಲೇ ಪ್ರೋಗ್ರಾಂ ಓಡಿಸುವ ಉಚಿತ ನೋಟ್‌ಬುಕ್ ಸೇವೆಗಳಿವೆ.

ಬೇಕಿರುವುದು ಜೋಡಣೆ. ವೈದ್ಯಕೀಯ ವಿದ್ಯಾರ್ಥಿಗೆ ನರಕೋಶ ಗೊತ್ತು, ಪ್ರೋಗ್ರಾಂ ಗೊತ್ತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪ್ರೋಗ್ರಾಂ ಗೊತ್ತು, ನರಕೋಶ ಗೊತ್ತಿಲ್ಲ. ಇಬ್ಬರನ್ನೂ ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಒಂದೇ ಮೇಜಿನ ಮುಂದೆ ಕೂರಿಸಿದರೆ ಸಾಕು. 4000 ನರಕೋಶಗಳ ಆ ಜಾಲದಿಂದಲೇ ಆರಂಭಿಸಲಿ. ಜೋಡಣೆಯಿಲ್ಲದ ಜಾಲದಲ್ಲಿ 53 ಮಿಲಿಸೆಕೆಂಡು ಬಂತೇ ಎಂದು ಮೊದಲು ತಾಳೆ ನೋಡಲಿ. ನಿರೋಧಕಗಳ ಬಲ ತಗ್ಗಿಸಿದರೆ ಚುಕ್ಕೆಗಳು ಏನಾಗುತ್ತವೆ ಎಂದು ತೆಗೆದು ನೋಡಲಿ. ಮಿದುಳಿನಲ್ಲಿ ನಿರೋಧ ಕುಸಿದಾಗ ಅಪಸ್ಮಾರದ ಸೆಳವು ಏಕೆ ಬರಬಹುದು ಎಂಬ ಪ್ರಶ್ನೆಯ ಬಾಗಿಲು ಅಲ್ಲಿ ತೆರೆಯುತ್ತದೆ, ಹಂಟರ್ ತಮ್ಮ ಲೈಬ್ರರಿ ಕಟ್ಟಲು ಕಾರಣವಾದ ರೋಗವೂ ಅದೇ.

ತೆಗೆದ ಪ್ರತಿ ಚಿತ್ರದ ಕೆಳಗೆ ಆರು ಸಂಗತಿಗಳನ್ನು ಬರೆಯುವ ಶಿಸ್ತು ಮೊದಲ ದಿನದಿಂದಲೇ ಬರಲಿ: ಜಾಲದಲ್ಲಿ ಎಷ್ಟು ನರಕೋಶ, ತೋರಿಸಿದ್ದು ಎಷ್ಟು, ಕಾಲದ ಹೆಜ್ಜೆ ಎಷ್ಟು, ಖಾನೆಯ ಅಗಲ ಎಷ್ಟು, ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಲಾಗಿದೆ, ಯಾದೃಚ್ಛಿಕ ಅಂಕಿಗಳ ಬೀಜಸಂಖ್ಯೆ ಯಾವುದು. ಇಷ್ಟಿದ್ದರೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತ ಇನ್ನೊಬ್ಬರು ಅದೇ ಚಿತ್ರವನ್ನು ಮತ್ತೆ ತೆಗೆದು, ಸರಿ ಅಥವಾ ತಪ್ಪು ಎಂದು ಹೇಳಬಲ್ಲರು. ಹಾಗೆ ಪರೀಕ್ಷೆಗೆ ಒಡ್ಡಿಕೊಂಡ ಚಿತ್ರ ವಿಜ್ಞಾನದ ಪಾಲಾಗುತ್ತದೆ, ಅದು ಅಕ್ಕಲಕೋಟೆಯಲ್ಲಿ ತೆಗೆದದ್ದಾದರೂ ಸರಿ.